ಮಡ್ಯ ತಾಲ್ಲೂಕು

ಯಂತ್ರ ಪುಟಕ್ಕೆ ನಾಲ್ಕು ಸೆಕೆಂಡು ತೆಗೆದುಕೊಳ್ಳುತ್ತದೆ.
ನನಗೆ ಕೊಟ್ಟಿರುವುದು ಒಂದು.
ಅಷ್ಟರಲ್ಲಿ ಹೇಳಬೇಕು: ಪಾಸು, ಇಲ್ಲವೇ ವಾಪಸು.

ರೆಕಾರ್ಡು ರೂಮಿನ ಕಿಟಕಿಯಾಚೆ ರೈಲು ಹಳಿ.
ಗಾಡಿ ಬಂದಾಗ ಮೇಜು ನಡುಗುತ್ತದೆ,
ಗಾಜಿನ ಮೇಲೆ ಬೋರಲು ಮಲಗಿದ ಖಾತೆ ಪುಸ್ತಕ ನಡುಗುತ್ತದೆ,
ತಲೆಕಟ್ಟುಗಳೆಲ್ಲ ನಾಲೆಯ ನೀರಲ್ಲಿ ಕಂಡ ಹಾಗೆ ಅಲೆಅಲೆ.
ಪರದೆ ನೋಡಿಯೇ ಹೇಳಬಲ್ಲೆ ಈಗ:
ಇದು ಹನ್ನೊಂದೂ ಹತ್ತರ ಗಾಡಿಯ ಪುಟ,
ಇದು ಗೂಡ್ಸು, ಏಳು ಪುಟ ಉದ್ದ.
ವಾಪಸು.

ಮುನಾವರ್ ಮುಖ ಗಂಟು ಹಾಕುತ್ತಾನೆ.
ಪುಟಕ್ಕೆ ಮೂವತ್ತು ಪೈಸೆ ಅವನಿಗೆ,
ವಾಪಸು ಬಂದದ್ದಕ್ಕೆ ಬರೀ ಬೆವರು.
"ಓದಕ್ಕಾಯ್ತದಲ್ಲ ಮೇಡಂ, ಬುಡಿ ಅತ್ಲಾಗೆ."
ಆಗುತ್ತದೆ, ನಿಜ.
ನನಗೆ ಗೊತ್ತಿರುವುದನ್ನು ನಾನು ಓದುತ್ತೇನೆ.
ಗೊತ್ತಿಲ್ಲದವರು ಏನು ಓದುತ್ತಾರೆ?

ಮೊದಲ ವಾರ ಒಂದು ಗೆರೆ ಬಂತು.
ಬಿಡಿ ಹಾಳೆಗಳನ್ನು ಅವನು ಅಡ್ಡಡ್ಡ ತುರುಕಿದ್ದ;
ಪ್ರತಿ ಹಾಳೆಯಲ್ಲೂ ಐದನೇ ಹೆಸರಿನ ಮೇಲೆ
ನೂಲು ಹಿಡಿದು ಎಳೆದ ಹಾಗೆ ಗೆರೆ,
ಯಾರೋ ವಜಾ ಮಾಡಿದ ಹಾಗೆ.
ಐದನೆಯವರೆಲ್ಲ ಏನು ತಪ್ಪು ಮಾಡಿದ್ದರು?
ಯಂತ್ರದ ಬಾಯಿ ತೆಗೆದು ನೋಡಿದರೆ
ಗಾಜಿನ ಪಟ್ಟಿಗೆ ಅಂಟಿದ ಬೆಲ್ಲದ ಚೂರು, ಸಾಸಿವೆಯಷ್ಟು.
ಜವರೇಶಣ್ಣ ಕಡಲೆ ಬೆಲ್ಲ ತಿನ್ನುವುದು ಅಲ್ಲೇ ಕೂತು.
ಒರೆಸಿದೆ.
ನಲವತ್ತು ಜನಕ್ಕೆ ಹೊಲ ವಾಪಸು ಬಂತು.

ಆಮೇಲೆ ಕಂಪನಿಯವರು ಬಂದು ಒಂದು ಗುಂಡಿ ತೋರಿಸಿ ಹೋದರು:
ಕಲೆ ತೆಗೆ.
ಒತ್ತಿದರೆ ಗೆದ್ದಲ ತೂತು ಮಾಯ, ನೊಣದ ಹಿಕ್ಕೆ ಮಾಯ,
ಎಂಬತ್ತು ವರ್ಷದ ಕಾಗದ ಈಗತಾನೇ ಮಿಂದು ಬಂದ ಹಾಗೆ.
ಎಲ್ಲರೂ ಆಹಾ ಅಂದರು. ನಾನೂ ಅಂದೆ.
ಮೂರನೇ ದಿನ ಮೊದಲ ಸಾಲನ್ನೇ ಓದಿದೆ:
ಮಡ್ಯ ತಾಲ್ಲೂಕು.

ಯಂತ್ರಕ್ಕೆ ಚುಕ್ಕೆ ಅಂದರೆ ಕಲೆ.
ಶಾನುಭೋಗರ ಸಣ್ಣ ನಿಬ್ಬಿನ ಸೊನ್ನೆ ನುಸಿಗಿಂತ ಚಿಕ್ಕದು,
ಗುಡಿಸಿ ಹಾಕಿದೆ.
ಕಂದಾಯ ಕದಾಯ.
ಕೆಂಪ ಕೆಪ, ಕೆಪ್ಪನಾಗಲು ಇನ್ನೊಂದೇ ಹೆಜ್ಜೆ.
೨೦ ಗುಂಟೆ ೨ ಗುಟೆ.
ನಂಜಿ ಕೋಂ ಬೋರ ಹೋಗಿ
ನಜಿ, ಕೋ, ಬೋರ:
ಯಾರೋ ಯಾರಿಗೋ ಏನನ್ನೋ ತಕೋ ಅಂದ ಹಾಗೆ,
ಗಂಡ ಹೆಂಡಿರ ನಡುವಿನ ಗಂಟು ಬಿಚ್ಚಿಕೊಂಡು.

ಸೊನ್ನೆಗೆ ಬೆಲೆಯಿಲ್ಲ ಎಂದಿದ್ದರು ಲೆಕ್ಕದ ಮೇಷ್ಟ್ರು.
ಮಡ್ಯಕ್ಕೆ ಬಂದು ನೋಡಲಿ.

ಮೂರು ದಿನದ ಕೆಲಸ, ಆರು ಸಾವಿರ ಪುಟ, ಎಲ್ಲ ವಾಪಸು.
ಮುನಾವರ್ ಮಾತು ಬಿಟ್ಟ.
ಟೀ ತಂದರೆ ನನ್ನ ಲೋಟ ಮಾತ್ರ ತಟ್ಟೆಯಲ್ಲೇ.

ನಿನ್ನೆ ಖಾಲಿ ಪುಟಗಳ ರಾಶಿ ನೋಡುತ್ತಿದ್ದೆ,
ಯಂತ್ರ ತಾನೇ ತೀರ್ಮಾನಿಸಿ ಬದಿಗಿಟ್ಟವು,
ಅಳಿಸಲೇ ಎಂದು ಕೇಳುತ್ತ.
ಒಂದರ ಮೂಲೆಯಲ್ಲಿ ಏನೋ ತೆಳು ನೆರಳು.
ಕಟ್ಟು ಬಿಚ್ಚಿಸಿ ಕಾಗದ ಕಿಟಕಿಗೆ ಹಿಡಿದರೆ
ಮಸಿ ಸೋತು ಟೀ ಬಣ್ಣಕ್ಕೆ ತಿರುಗಿದ ಹೆಬ್ಬೆಟ್ಟು.
ಪಕ್ಕದಲ್ಲಿ ಹೆಸರಿಲ್ಲ. ಬರೆಯುವವರು ಮರೆತರೋ,
ಹಿಂದಿನ ಪುಟದಲ್ಲಿ ಜಾಗ ಸಾಲದೆ ಇಲ್ಲಿ ಒತ್ತಿಸಿದರೋ.

ಕಪ್ಪು ಬಿಳುಪಿನಲ್ಲಿ ಅದು ಏನೂ ಅಲ್ಲ.
ಬೆಳಕು ಇಳಿಸಿದರೆ ಹುಣಸೆ ಬೀಜ.
ಬೂದು ಬಣ್ಣಕ್ಕೆ ಹಾಕಿ, ಆರುನೂರಕ್ಕೆ ಏರಿಸಿ,
ಒತ್ತಬೇಕು ಅನ್ನುವಷ್ಟರಲ್ಲಿ
"ಒಂದ್ ಗಳ್ಗೆ ತಡೀರಿ, ಗೂಡ್ಸು ಬತ್ತಾ ಅದೆ" ಅಂದ
ಮುನಾವರ್, ಒಂಬತ್ತು ದಿನದ ಮೇಲೆ.
ತಡೆದೆವು. ಮೇಜು ಸುಮ್ಮನಾಯಿತು. ತೆಗೆದೆವು.

ಬಂತು, ಸುಳಿಸುಳಿಯಾಗಿ,
ನಡುವೆ ಓರೆಯಾಗಿ ಒಂದು ಸೀಳು,
ಕುಡುಗೋಲು ತಾಗಿ ವಾಸಿಯಾದ ಗಾಯ ಇರಬೇಕು.
ಜವರೇಶಣ್ಣ ಕನ್ನಡಕ ಏರಿಸಿ ಬಗ್ಗಿದರು,
ತಮ್ಮ ಹೆಬ್ಬೆರಳು ತಿರುಗಿಸಿ ನೋಡಿಕೊಂಡರು,
ಪಂಚೆಗೆ ಒರೆಸಿಕೊಂಡು ಹೋದರು.

ಯಂತ್ರ ಹೆಸರು ಕೇಳುತ್ತಿತ್ತು. ಗೊತ್ತಿಲ್ಲ.
ಷರಾ ಕಲಮಿನಲ್ಲಿ,
ಸೊನ್ನೆ ಬಾರದ ಮಾತೇ ಹುಡುಕಿ, ಬರೆದೆ:
ಖಾಲಿ ಅಲ್ಲ.